ನನ್ನ ತಲೆಗೆ ನೀರೆರೆದ ಅತ್ತೆ

ನನ್ನ ಸೋದರತ್ತೆಯ ಉಗುರುಗಳು ಸದಾ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿರುತ್ತಿದ್ದವು. ಅಂಟುವಾಳ, ಸೀಗೆಕಾಯಿ, ನೆಲ್ಲಿಕಾಯಿ ಎಲ್ಲ ಕಬ್ಬಿಣದ ಬಾಣಲೆಯಲ್ಲಿ ಕುದ್ದು ಬಿಟ್ಟ ಕಪ್ಪು ಅದು. ನಿಂಬೆಹೋಳಿನಲ್ಲಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಪಕ್ಕ ಕೂತ ಹೊಸಬರು ಆ ಬೆರಳುಗಳನ್ನು ನೋಡಿ ಸ್ವಲ್ಪ ಸರಿದು ಕೂರುತ್ತಿದ್ದರು. "ಕೊಳೆ ಅಲ್ಲ ಕಣ್ರೀ, ಔಷಧಿ. ನಿಮ್ಮ ತಲೆಗಿಂತ ಚೊಕ್ಕಟವಾಗಿದೆ," ಎನ್ನುತ್ತಿದ್ದಳು ಅತ್ತೆ. ಹೇಳುವಾಗ ಅವರ ತಲೆಯನ್ನೇ ದಿಟ್ಟಿಸುತ್ತಿದ್ದಳು. ಪಾಪ, ಅವರು ಊಟ ಮುಗಿಯುವವರೆಗೆ ಬೈತಲೆ ಮುಟ್ಟಿಕೊಳ್ಳುತ್ತಾ ಇರುತ್ತಿದ್ದರು.

ಅವಳು ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಚಂದ್ರಾ ಲೇಔಟಿನ ನಮ್ಮ ಮನೆಯಲ್ಲೇ ಇದ್ದಳು, ನಾನು ಹುಟ್ಟುವ ಮೊದಲಿನಿಂದಲೂ. ನಮ್ಮದು ತಿಪಟೂರು ಕಡೆಯಿಂದ ಬಂದ ಲಿಂಗಾಯತರ ಮನೆ. ಹೆಂಗಸರು ತಲೆ ಮೇಲೆ ಸೆರಗು ಹೊದೆಯುವುದು ಅಜ್ಜಿಯ ಕಾಲದ ರೂಢಿ. ಬೆಂಗಳೂರಿನ ಗಾಳಿ ತಗುಲಿದ ಮೇಲೆ ಅಮ್ಮ ಅದನ್ನು ಬಿಟ್ಟಳು, ಅತ್ತೆ ಬಿಡಲಿಲ್ಲ. ಒಲೆಯ ಮುಂದೆ, ತಾರಸಿಯ ಮೇಲೆ, ಕಡೆಗೆ ಮಲಗಿದಾಗಲೂ ಸೆರಗು ನೆತ್ತಿಯಿಂದ ಜಾರಬಾರದು. ಅದರ ಕೆಳಗಿಂದ ಸೊಂಟದವರೆಗೆ ಇಳಿದ ದಪ್ಪ ಜಡೆ. ಅವಳನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಅವಳಿಗೆ ಬೈಯುವ ಸಲುಗೆಯೂ ನನಗೊಬ್ಬಳಿಗೇ ಇತ್ತು. ಬೈದರೆ ಎರಡರಷ್ಟು ವಾಪಸ್ ಬರುತ್ತಿತ್ತು, ಅದು ಬೇರೆ ಮಾತು.

ಭಾನುವಾರ ನನ್ನ ತಲೆ ಅವಳದ್ದು. ಶನಿವಾರ ಸಂಜೆಯೇ ಬಾಣಲೆಯಲ್ಲಿ ಅಂಟುವಾಳ, ಸೀಗೆ, ಒಣಗಿದ ನೆಲ್ಲಿ, ಒಂದು ಹಿಡಿ ಮೆಂತ್ಯ ನೆನೆಹಾಕುತ್ತಿದ್ದಳು. ಬೆಳಗ್ಗೆ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಅಪ್ಪನ ಹಳೇ ಪಂಚೆಯಲ್ಲಿ ಸೋಸುವುದು. ಕಾಂಪೌಂಡಿನ ದಾಸವಾಳದ ಸೊಪ್ಪನ್ನು ಕೈಯಲ್ಲೇ ಕಿವುಚಿ ಲೋಳೆ ತೆಗೆಯುವುದು. ಅಮ್ಮ ಮಿಕ್ಸಿ ತಂದುಕೊಡಲು ಹೋದರೆ, "ಮಿಕ್ಸಿಗೆ ಹಾಕಿದ್ರೆ ನಾರು ತಲೇಲಿ ಕೂತ್ಕೊಳುತ್ತೆ. ಆಮೇಲೆ ಹೇನು ಹೆಕ್ಕಿದ ಹಾಗೆ ಹೆಕ್ತಾ ಕೂತ್ಕೊಳ್ಳಿ," ಎಂದು ಓಡಿಸುತ್ತಿದ್ದಳು. ಕೊನೆಯಲ್ಲಿ ಹುಯ್ಯಲು ಹಿಂದಿನ ದಿನದ ಅಕ್ಕಿ ತೊಳೆದ ನೀರು. ಅದು ಸ್ವಲ್ಪ ಹುಳಿ ಬಂದಿರಬೇಕು. ಅದಕ್ಕೆ ಬೇವಿನ ಸೊಪ್ಪು ಕುದಿಸಿದ ನೀರು ಬೆರೆಸಿ, ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದಳು.

ಓದುವವರಿಗೆ ಇದೆಲ್ಲ ಹಿತವಾಗಿ ಕೇಳಿಸಬಹುದು. ತಲೆ ಒಡ್ಡಿದವಳಿಗೆ ಗೊತ್ತು. ಬಚ್ಚಲಿನ ಮಣೆಯ ಮೇಲೆ ಕೂರಿಸಿ, ಎರಡು ಮಂಡಿಗಳ ನಡುವೆ ನನ್ನ ಭುಜ ಹಿಡಿದು, ಪಾತ್ರೆಯ ತಳ ಉಜ್ಜುವ ಹಾಗೆ ಉಜ್ಜುತ್ತಿದ್ದಳು. ಸೀಗೆ ಕಣ್ಣಿಗೆ ಇಳಿದು ನಾನು ಕಿರುಚಿದರೆ, "ಕಣ್ಣುರಿಯಿಂದ ಯಾರೂ ಸತ್ತಿಲ್ಲ. ಬಾಯ್ ಮುಚ್ಚು, ಇಲ್ದಿದ್ರೆ ಅಲ್ಲಿಗೂ ಹೋಗುತ್ತೆ." ಅಲುಗಾಡಿದರೆ ಕಿವಿಯ ಹಿಂದೆ ಒಂದು ಚಿವುಟು. ಒಣಗಿಸಿ ಬಾಚುವಾಗ ಕೂದಲನ್ನು ಕೈಯಲ್ಲಿ ತೂಗಿ ನೋಡಿ, "ಮುಂಡೇದೇ, ನಿನಗೆ ಬಂದಿರೋ ಕೂದ್ಲು ನಿನ್ನ ಯೋಗ್ಯತೆಗೆ ಜಾಸ್ತಿ ಕಣೇ," ಎನ್ನುತ್ತಿದ್ದಳು. ಅದನ್ನು ಹೊಗಳಿಕೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಹೊಗಳಿಕೆಯಲ್ಲ, ಹೊಟ್ಟೆಕಿಚ್ಚು ಎಂದು ಆಮೇಲೆ ಗೊತ್ತಾಯಿತು. ಹೊಟ್ಟೆಕಿಚ್ಚಿನಲ್ಲೂ ಒಬ್ಬರ ತಲೆಯನ್ನು ಅಷ್ಟು ಜೋಪಾನ ಮಾಡಬಹುದು ಎಂಬುದನ್ನು ಅರಗಿಸಿಕೊಳ್ಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಉಳಿದ ಕಷಾಯಕ್ಕೆ ಬೀದಿಯ ಹೆಂಗಸರು ಬಾಟಲಿ ಹಿಡಿದು ಬರುತ್ತಿದ್ದರು. ಅತ್ತೆ ದುಡ್ಡು ಮುಟ್ಟುತ್ತಿರಲಿಲ್ಲ. ಅವಳ ಕರಾರು ಒಂದೇ. ತುರುಬು ಬಿಚ್ಚಿ, ಗೇಟಿನ ಬಳಿ ಬಿಸಿಲಿಗೆ ನಿಂತು, ನೆತ್ತಿ ತೋರಿಸಬೇಕು. ಹಾಲಿನವನು ಹೋಗುತ್ತಿರಲಿ, ಆಟೋ ನಿಂತಿರಲಿ, ಲೆಕ್ಕವಿಲ್ಲ. ಅತ್ತೆ ಆ ಕಂದು ಬೆರಳುಗಳಲ್ಲಿ ಕೂದಲು ಬಿಡಿಸಿ ನೋಡಿ, ಇಡೀ ಬೀದಿಗೆ ಕೇಳುವಂತೆ ತೀರ್ಪು ಕೊಡುತ್ತಿದ್ದಳು. ಹೊಸ ಬಾಣಂತಿಯೊಬ್ಬಳು ಕೂದಲು ಗೊಂಚಲು ಗೊಂಚಲಾಗಿ ಉದುರುತ್ತಿದೆ ಎಂದು ಅಳುತ್ತಾ ಬಂದಾಗ, "ಮಗು ಬಂತು, ಕೂದ್ಲು ಹೋಯ್ತು. ಎರಡೂ ಬೇಕು ಅಂದ್ರೆ ದೇವ್ರೇನು ನಿಮ್ಮ ಮಾವನಾ?" ಎಂದಳು. ಮೊಬೈಲು ಬಂದ ಮೇಲಂತೂ ವಿಡಿಯೋ ನೋಡಿ ಬರುವವರ ಕಾಟ. ಅಕ್ಕಿ ನೀರು ಹಾಕಿದರೆ ಒಂದೇ ತಿಂಗಳಿಗೆ ಸೊಂಟದವರೆಗೆ ಬೆಳೆಯುತ್ತದಂತೆ ಎಂದು ಒಬ್ಬ ಹುಡುಗಿ ಹೇಳಿದಳು. "ಅಷ್ಟು ಶಕ್ತಿ ಇದ್ದಿದ್ರೆ ನಮ್ಮ ಸಿಂಕಿನ ಪೈಪಿಗೆ ಜಡೆ ಹಾಕ್ಬೇಕಿತ್ತು," ಎಂದಳು ಅತ್ತೆ.

ಎದುರು ಮನೆಯ ಆಂಟಿಗೆ ಆದದ್ದು ಇನ್ನೂ ಕಷ್ಟ. ಅವರಿಗೆ ನೆತ್ತಿಯ ಮೇಲೆ ಕೂದಲು ತೆಳುವಾಗುತ್ತಿತ್ತು. ಅತ್ತೆ ಬೈತಲೆ ಅಗಲಿಸಿ ನೋಡಿ, "ಹೀಗೇ ಬಿಟ್ಕೊಂಡು ಓಡಾಡ್ಬೇಡ್ರಿ. ಯಾವನಾದ್ರೂ ಬ್ರೋಕರು ಖಾಲಿ ಸೈಟು ಅಂತ ಬೋರ್ಡು ನೆಟ್ಟುಬಿಟ್ಟಾನು," ಎಂದುಬಿಟ್ಟಳು. ಇಸ್ತ್ರಿ ಗಾಡಿಯ ಬಳಿ ನಿಂತವರೆಲ್ಲ ನಕ್ಕರು. ಆಂಟಿ ಕಣ್ಣಲ್ಲಿ ನೀರು ತುಂಬಿಕೊಂಡು ಬಾಟಲಿ ಅಲ್ಲೇ ಬಿಟ್ಟು ಹೋದರು. ಮುಂದಿನ ಭಾನುವಾರ ಮತ್ತೆ ಬಂದರು. ಏನು ಮಾಡುವುದು, ಆ ಕಷಾಯ ಹಾಕಿದರೆ ಇದ್ದ ನಾಲ್ಕು ಕೂದಲಾದರೂ ರೇಷ್ಮೆಯ ಹಾಗೆ ಆಗುತ್ತಿತ್ತು, ತಲೆಯ ನವೆ ನಿಲ್ಲುತ್ತಿತ್ತು. ಹೀಗೆ ವರ್ಷಾನುಗಟ್ಟಲೆ ಊರಿನವರ ತಲೆಯನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿದವಳ ಸ್ವಂತ ತಲೆಯನ್ನು ಮಾತ್ರ ಯಾರೂ ನೋಡಿರಲಿಲ್ಲ.

ಅವಳದ್ದು ಚೌರಿ ಜಡೆ ಎಂಬುದು ಮನೆಯವರಿಗೆ ಗೊತ್ತಿತ್ತು. ನನ್ನ ತಲೆ ಬಾಚಿದ ಮೇಲೆ ಬಾಚಣಿಗೆಗೆ, ಮಣೆಗೆ, ಬಚ್ಚಲ ಜಾಲರಿಗೆ ಸಿಕ್ಕಿದ ಕೂದಲನ್ನೆಲ್ಲ ಹೆಕ್ಕಿ, ತೊಳೆದು, ಒಂದು ಕವರಿನಲ್ಲಿ ಕೂಡಿಡುತ್ತಿದ್ದಳು. ಕವರು ತುಂಬಿದಾಗ ಕುರುಬರಹಳ್ಳಿಯಲ್ಲಿ ಚೌರಿ ಕಟ್ಟಿಕೊಡುವ ಹೆಂಗಸಿನ ಹತ್ತಿರ ಒಯ್ಯುತ್ತಿದ್ದಳು. ಹಾಗಾಗಿ ಅತ್ತೆಯ ಬೆನ್ನ ಮೇಲೆ ತೂಗುತ್ತಿದ್ದದ್ದು ನನ್ನ ಕೂದಲು.

ನಾನು ಹೈಸ್ಕೂಲಿನಲ್ಲಿದ್ದಾಗ ವಿಜಯನಗರದ ಛತ್ರವೊಂದರಲ್ಲಿ ನೆಂಟರ ಮದುವೆ. ಹೆಂಗಸರೆಲ್ಲ ಜಮಖಾನದ ಮೇಲೆ ಕೂತಿದ್ದರು. ಯಾರದೋ ತೊಟ್ಟಿಲು ಬಿಟ್ಟ ಕೂಸು ಹಿಂದಿನಿಂದ ಅತ್ತೆಯ ಜಡೆ ಹಿಡಿದು ಎದ್ದು ನಿಲ್ಲಲು ನೋಡಿತು. ಜಡೆ ಕಿತ್ತು ಅದರ ಕೈಗೆ ಬಂತು. ಕೂಸು ಅದನ್ನು ನೆಲಕ್ಕೆ ಬಡಿಯುತ್ತಾ ಕೇಕೆ ಹಾಕಿತು. ಹೆಂಗಸರು ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ಬಾಯಿ ತೆರೆದೇ ನಕ್ಕರು. ಅವರಲ್ಲಿ ಅರ್ಧ ಜನ ಅತ್ತೆಗೆ ತಲೆ ತೋರಿಸಿ ಅನ್ನಿಸಿಕೊಂಡವರು. ಸಿಕ್ಕಿದ ಅವಕಾಶ ಬಿಡುತ್ತಾರೆಯೇ? ಅತ್ತೆ ಒಂದು ಕೈಯಲ್ಲಿ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದರಲ್ಲಿ ಕೂಸಿನಿಂದ ಜಡೆ ಬಿಡಿಸಿಕೊಂಡು, ಎಲ್ಲರ ಮುಂದೆ ಎತ್ತಿ ಹಿಡಿದಳು. "ನಮ್ಮಣ್ಣನ ಮಗಳ ಕೂದ್ಲು. ಅಲ್ಲಿ ಕೂತವಳೆ ನೋಡಿ. ಮುಟ್ಟಿ ನೋಡಿ ಬೇಕಾದ್ರೆ, ನಿಮ್ಮನೇಲಿ ಯಾರಿಗಾದ್ರೂ ಹೀಗಿದೆಯಾ?" ನಗು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಆ ಸಂಜೆ ಅಮ್ಮ ನನಗೆ ಹಳೆಯ ಕಥೆ ಹೇಳಿದಳು. ಅತ್ತೆಗೆ ಹತ್ತೊಂಬತ್ತು ತುಂಬಿದಾಗ ನೆತ್ತಿಯಲ್ಲಿ ಹುಳ ತಿಂದ ಹಾಗೆ ದುಂಡಗೆ ಕೂದಲು ಹೋಯಿತು. ಗಂಡಿನ ಕಡೆಯವರು ಬರುವ ದಿನ ಹತ್ತಿರದಲ್ಲಿತ್ತು. ಆಗೆಲ್ಲ ಹುಡುಗಿಯ ಜಡೆ ಬಿಚ್ಚಿಸಿ ನೋಡುವ ಪದ್ಧತಿ. ಅಜ್ಜಿ ಊರಿನ ನಾಟಿ ಔಷಧಿ ಮಾಡಿದಳು. ಆ ಜಾಗವನ್ನು ಒರಟು ಎಲೆಯಲ್ಲಿ ರಕ್ತ ಜಿನುಗುವವರೆಗೆ ಉಜ್ಜಿ, ಗುಲಗಂಜಿ ಅರೆದು ಹಚ್ಚಿ, ಮೇಲೆ ಬಟ್ಟೆ ಕಟ್ಟಿದಳು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಕೂದಲು ಬರಲಿಲ್ಲ. ಬಂದ ಗಂಡಿನವರು ಜಡೆ ಬಿಚ್ಚಿಸಿ, ನೋಡಿ, ಉಪ್ಪಿಟ್ಟು ತಿಂದು ಹೊರಟರು. ಆಮೇಲೆ ಬಂದವರೂ ಹಾಗೇ ಹೋದರು. ಒಂದು ಹಂತದಲ್ಲಿ ಅತ್ತೆಯೇ ಇನ್ನು ಯಾರ ಮುಂದೆಯೂ ತಲೆ ಬಿಚ್ಚುವುದಿಲ್ಲ ಎಂದು ಸೆರಗು ಎಳೆದುಕೊಂಡಳು.

ಅಜ್ಜಿಯ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಪ್ರತಿ ಸೋಮವಾರ ಅಜ್ಜಿಯ ಪಟಕ್ಕೆ ಹೂವು ಹಾಕಿ ಕೈಮುಗಿಯುತ್ತಿದ್ದಳು. "ನಮ್ಮವ್ವ ಮೂರು ದಿನ ನಿದ್ದೆಗೆಟ್ಟು ನನ್ನ ತಲೆ ಕಾದಳು ಕಣೇ. ಅವಳ ಕೈಗುಣಕ್ಕೆ ಊರಿಗೇ ವಾಸಿಯಾಗ್ತಿತ್ತು. ನನ್ನ ದರಿದ್ರ ತಲೆ ಅವಳ ಕೈಗೂ ಬಗ್ಗಲಿಲ್ಲ," ಎನ್ನುತ್ತಿದ್ದಳು. ಇಡೀ ಜಗತ್ತನ್ನು ಬೈಯುತ್ತಿದ್ದವಳು ಅಜ್ಜಿಯ ವಿಷಯ ಬಂದಾಗ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಆಗ ಅರ್ಥವಾಯಿತು, ಅವಳು ಬಾಣಲೆಯಲ್ಲಿ ಕುದಿಸುತ್ತಿದ್ದದ್ದು ನನಗಾಗಿ ಅಲ್ಲ. ಪ್ರತಿ ಹೊಸ ಸೊಪ್ಪನ್ನೂ ಮೊದಲು ನನ್ನ ತಲೆಗೆ ಹಾಕಿ ನೋಡಿ, ಆಮೇಲೆ ಬಚ್ಚಲ ಬಾಗಿಲು ಭದ್ರವಾಗಿ ಹಾಕಿಕೊಂಡು ತನ್ನ ತಲೆಗೆ ಹುಯ್ದುಕೊಳ್ಳುತ್ತಿದ್ದಳು. ನನ್ನ ತಲೆಯಲ್ಲಿ ಕಾಡು ಬೆಳೆಯಿತು. ಅವಳು ಪ್ರತಿ ಭಾನುವಾರ ಕೈಯಾರೆ ಅದನ್ನು ತೊಳೆದಳು.

ಕಾಲೇಜಿಗೆ ಸೇರಿದ ವರ್ಷ ಯಾರಿಗೂ ಹೇಳದೆ ಪಾರ್ಲರಿಗೆ ಹೋಗಿ ಭುಜದವರೆಗೆ ಕತ್ತರಿಸಿಕೊಂಡು ಬಂದೆ. ಅಮ್ಮ ಅತ್ತಳು, ಅಪ್ಪ ಮುಖ ತಿರುಗಿಸಿದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಕತ್ತರಿಸಿದ್ದು ಎಲ್ಲಿ?" ಅಲ್ಲೇ ಬಿಟ್ಟುಬಂದೆ ಎಂದೆ. ಚಪ್ಪಲಿ ಮೆಟ್ಟಿ ಹೊರಟವಳು ಪಾರ್ಲರಿನ ಕಸದ ಬುಟ್ಟಿ ನೆಲಕ್ಕೆ ಸುರಿಸಿ, ಯಾರ್ಯಾರದೋ ತುಂಡುಗಳ ನಡುವಿನಿಂದ ನನ್ನದನ್ನು ಹೆಕ್ಕಿಕೊಂಡು ಬಂದಳು. ನನ್ನದೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಸಾಕಿದವಳಿಗೆ ಗೊತ್ತಾಗಲ್ವಾ," ಎಂದಳು. ಎಷ್ಟೋ ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಭಾನುವಾರದ ನೀರು ಮಾತ್ರ ತಪ್ಪಿಸಲಿಲ್ಲ.

ಮದುವೆಯಾಗಿ ನಾನು ನಂದಿನಿ ಲೇಔಟಿಗೆ ಬಂದೆ. ಆದರೂ ತಿಂಗಳಿಗೊಂದು ಭಾನುವಾರ ಅವಳ ಮಂಡಿಗಳ ನಡುವೆ ತಲೆ ಕೊಟ್ಟು ಕೂರುತ್ತಿದ್ದೆ. ಅವಳಿಗೆ ಅರವತ್ತೈದು ದಾಟಿತ್ತು, ನೆಲಕ್ಕೆ ಕೂರಲಾರದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಎರಡು ವರ್ಷದ ಹಿಂದೆ ಅಂಥ ಒಂದು ಭಾನುವಾರ, ಉಜ್ಜುತ್ತಿದ್ದ ಬೆರಳುಗಳು ನನ್ನ ಬಲಗಿವಿಯ ಮೇಲುಗಡೆ ಬಂದು ನಿಂತವು. ಹೆಬ್ಬೆರಳು ಅಲ್ಲೇ ಒಂದು ಸುತ್ತು ಸುತ್ತಿತು. ಕೂದಲು ಬಿಡಿಸಿ ನೋಡಿದಳು. ನಾನೂ ಬೆರಳಿಟ್ಟು ನೋಡಿದೆ, ರೂಪಾಯಿ ನಾಣ್ಯದಷ್ಟು ಅಗಲ ಬರಿ ಚರ್ಮ.

"ಬಂತಾ?" ಎಂದಳು ಅತ್ತೆ. "ನಿನಗೂ ಬಂತಾ?"

ಆ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ. ಅದರಲ್ಲಿ ಗಾಬರಿಯಿರಲಿಲ್ಲ, ಕನಿಕರ ಇರಲಿಲ್ಲ. ಖುಷಿಯಿತ್ತು. ಬಹಳ ದಿನ ಒಬ್ಬಳೇ ಕಾದು ಕೂತವಳಿಗೆ ಕಡೆಗೂ ಜೊತೆ ಸಿಕ್ಕಂಥ ಖುಷಿ. ಬಚ್ಚಲ ಗೋಡೆಯ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ನಗುತ್ತಿದ್ದಳು. ನಾನು ಆ ಕ್ಷಣ ಅವಳನ್ನು ದ್ವೇಷಿಸಿದೆ, ಮನಸಾರೆ ದ್ವೇಷಿಸಿದೆ.

"ಅತ್ತೆ, ನಗ್ತಾ ಇದೀಯಾ?"

"ಹೂಂ. ಈಗ ಗೊತ್ತಾಗುತ್ತೆ ನಿಂಗೆ," ಎಂದು ಒಂದು ಚೊಂಬು ನೀರು ಸುರಿದಳು. ಆಮೇಲೆ ಟವೆಲಿನಲ್ಲಿ ತಲೆ ಸುತ್ತಿ, ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನಗು ಹೋಗಿತ್ತು. "ಕೇಳಿಲ್ಲಿ. ಇಷ್ಟು ವರ್ಷ ಕುದಿಸಿದೀನಿ. ಇದು ಒಂದೇ ಒಂದು ಹೊಸ ಕೂದ್ಲು ಬರಿಸಿಲ್ಲ. ಇರೋದನ್ನ ತೊಳೆಯುತ್ತೆ, ಅಷ್ಟೇ. ನನಗೆ ಯಾವತ್ತೋ ಗೊತ್ತಿತ್ತು. ನಾಳೇನೇ ಹೋಗಿ ಡಾಕ್ಟ್ರಿಗೆ ತೋರ್ಸು. ಯಾರಾದ್ರೂ ಸೊಪ್ಪು ಬೇರು ಅಂತ ಬಂದ್ರೆ ಮುಟ್ಟಿಸ್ಕೋಬೇಡ. ನಾನು ಹೇಳಿದ್ರೂ ಕೇಳ್ಬೇಡ."

ಚರ್ಮದ ಡಾಕ್ಟರು ಹತ್ತಿರದಿಂದ ನೋಡಿ ಇದು ಬಹಳ ಜನರಿಗೆ ಬರುತ್ತದೆ, ಹೆದರಬೇಡಿ ಎಂದರು. ಅಲ್ಲಿಗೇ ಸಣ್ಣ ಸಣ್ಣ ಇಂಜೆಕ್ಷನ್ ಕೊಟ್ಟರು. ಒಂದೆರಡು ತಿಂಗಳಲ್ಲಿ ಕಿವಿಯ ಮೇಲೆ ಹಸುಗೂಸಿನ ತಲೆಯ ಹಾಗೆ ನವಿರು ಬಂತು. ಕೊನೆಯ ಸಲ ಹೋದಾಗ ಅತ್ತೆಯ ವಿಷಯ ಹೇಳಿದೆ. ಎಲೆಯಲ್ಲಿ ಉಜ್ಜಿದ್ದು, ಗುಲಗಂಜಿ, ಬಟ್ಟೆ ಕಟ್ಟಿದ್ದು. ಡಾಕ್ಟರು ಪೆನ್ನು ಕೆಳಗಿಟ್ಟರು. ಅದು ವಿಷದ ಬೀಜ, ಹಸಿ ಗಾಯದ ಮೇಲೆ ಹಚ್ಚಿದ್ದರೆ ಚರ್ಮ ಸುಟ್ಟು ಬೇರು ಸತ್ತಿರುತ್ತದೆ, ಇನ್ನು ಬರುವುದಿಲ್ಲ ಎಂದರು. ಏನೂ ಮಾಡದೆ ಬಿಟ್ಟಿದ್ದರೆ ಎಂದು ಕೇಳಿದೆ. ಚಿಕ್ಕ ವಯಸ್ಸು, ಒಂದೇ ಜಾಗ, ಮುಕ್ಕಾಲುಪಾಲು ತಾನಾಗಿಯೇ ಬರುತ್ತಿತ್ತು ಎಂದರು.

ಮುಂದಿನ ಭಾನುವಾರ ಅತ್ತೆ ನನ್ನ ತಲೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಆ ನವಿರನ್ನು ಬಹಳ ಹೊತ್ತು ನೋಡಿದಳು. ಬೆರಳ ತುದಿಯಲ್ಲಿ ಸವರಿದಳು. ಆಮೇಲೆ ಕೈ ಕೆಳಗಿಟ್ಟು ಕೇಳಿದಳು, "ನಂದೂ ಬರ್ತಿತ್ತಾ?"

ನಾನು ಬಾಚಣಿಗೆಗೆ ಕೈ ಹಾಕಿದೆ.

"ಡಾಕ್ಟ್ರನ್ನ ಕೇಳಿರ್ತೀಯ ನೀನು. ನನಗೆ ಗೊತ್ತು. ಏನಂದ್ರು?"

"ಬಿಡು ಅತ್ತೆ, ಈಗ್ಯಾಕೆ."

"ನಾನು ನಿನಗೆ ಸುಳ್ಳು ಹೇಳಿದೀನಾ? ಚೆನ್ನಾಗಿಲ್ದೇ ಇರೋದನ್ನ ಚೆನ್ನಾಗಿದೆ ಅಂದಿದೀನಾ ಯಾವತ್ತಾದ್ರೂ? ಹೇಳು."

ಇಲ್ಲ. ಅದೊಂದನ್ನು ಅವಳು ಮಾಡಿರಲಿಲ್ಲ. ಹಾಗಾಗಿ ನಾನೂ ಹೇಳಿದೆ. "ಸುಮ್ನೆ ಬಿಟ್ಟಿದ್ರೂ ಬರ್ತಿತ್ತಂತೆ. ಅಜ್ಜಿ ಹಚ್ಚಿದ ಗುಲಗಂಜಿಯಿಂದ ಸುಟ್ಟುಹೋಗಿದೆ."

ಅಡುಗೆಮನೆಯಲ್ಲಿ ಅಮ್ಮ ಕುಕ್ಕರ್ ಇಟ್ಟಿದ್ದಳು, ಅದು ಕೂಗಿತು. ಅತ್ತೆ ಸ್ಟೂಲಿನ ಮೇಲೆ ಕೂತೇ ಇದ್ದಳು. ಸೆರಗನ್ನು ನೆತ್ತಿಯ ಮೇಲೆ ಎಳೆದುಕೊಂಡು ತನ್ನಷ್ಟಕ್ಕೆ ಎಂಬಂತೆ, "ಬೇಡ ಅಂತ ಅತ್ತಿದ್ದೆ ಕಣೇ ನಾನು. ಉರೀತಿದೆ, ತೆಗಿ ಅವ್ವಾ ಅಂತ. ಕೈ ಕಟ್ಟಿಹಾಕಿದ್ಲು," ಎಂದಳು. ಆಮೇಲೆ, "ನಾನೂ ನಿನಗೆ ಕಣ್ಣುರಿಯಿಂದ ಯಾರೂ ಸತ್ತಿಲ್ಲ ಅಂತಿದ್ನಲ್ಲ, ಅದು ಅವಳ ಮಾತೇ," ಎಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಆ ಸೋಮವಾರ ಅಜ್ಜಿಯ ಪಟಕ್ಕೆ ಹೂವು ಬೀಳಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಅಮ್ಮ ಕೇಳಿದ್ದಕ್ಕೆ, "ಬೇಕಾದ್ರೆ ನೀವೇ ಹಾಕ್ಕೊಳ್ಳಿ ಅತ್ತಿಗೆ," ಎಂದಳಂತೆ. ಬಾಣಲೆ ಒಲೆಯೇರುವುದು ನಿಂತಿತು. ಬಾಟಲಿ ಹಿಡಿದು ಬಂದವರನ್ನು ಬೈಯದೆ, ತಲೆ ತೋರಿಸಿ ಎನ್ನದೆ, "ಸುಮ್ನೆ ಬಿಡ್ರಿ, ಬರೋದಿದ್ರೆ ಅದೇ ಬರುತ್ತೆ," ಎಂದು ಗೇಟು ಹಾಕಿಕೊಳ್ಳುತ್ತಿದ್ದಳಂತೆ. ಬೈಗುಳ ನಿಂತದ್ದಕ್ಕೇ ಬೀದಿಯವರಿಗೆ ಗಾಬರಿಯಾಯಿತು. ಒಮ್ಮೆ ಡಾಕ್ಟರ ಹತ್ತಿರ ಬಾ ಎಂದು ನಾನು ಕರೆದೆ, ಅಲ್ಲಿ ಸೆರಗು ತೆಗೆಯಬೇಕಲ್ಲ ಎಂದಳು. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಅಮ್ಮ ಇನ್ನೂ ವಾದ ಮಾಡುತ್ತಾಳೆ. ನನಗೆ ಅದರಲ್ಲಿ ಅನುಮಾನವಿಲ್ಲ. ಅವಳು ಕೇಳಿದಳು, ನಾನು ಹೇಳಿದೆ. ನನ್ನ ತಲೆಯಲ್ಲಿ ಇವತ್ತು ಕೂದಲಿರುವುದು ಅವಳು ಅವತ್ತು ತನ್ನ ಇಡೀ ಜೀವಮಾನದ ಕಷಾಯವನ್ನು ಒಂದು ಮಾತಿನಲ್ಲಿ ಚೆಲ್ಲಿದ್ದರಿಂದ. ಆ ಋಣಕ್ಕೆ ಪ್ರತಿಯಾಗಿ ನನ್ನ ಹತ್ತಿರ ಸುಳ್ಳು ಇತ್ತು, ನಿಜ ಇತ್ತು. ಸುಳ್ಳು ಕೊಟ್ಟಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.

ಕಳೆದ ವರ್ಷ ಬೇಸಿಗೆಯಲ್ಲಿ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ನಮ್ಮವರಲ್ಲಿ ಹೋದವರನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸುತ್ತಾರೆ. ಹೆಂಗಸಾದ್ದರಿಂದ ಸೀರೆ ಅಡ್ಡ ಕಟ್ಟಿ ನಾವೇ ಸ್ನಾನ ಮಾಡಿಸಬೇಕಾಯಿತು. ಅಮ್ಮ, ನಾನು, ಬೀದಿಯ ನಾಲ್ಕೈದು ಜನ. ಎದುರು ಮನೆಯ ಆಂಟಿ ಚೊಂಬು ಹಿಡಿದು ನಿಂತಿದ್ದರು. ಸೆರಗು ತೆಗೆಯಲು ಯಾರಿಗೂ ಕೈ ಬರಲಿಲ್ಲ. ನಾನೇ ತೆಗೆದೆ. ಚೌರಿ ಬಿಚ್ಚಿ ಪಕ್ಕಕ್ಕಿಟ್ಟು, ಬೆಳ್ಳಗಾದ ಅವಳ ಸ್ವಂತ ಕೂದಲನ್ನು ಮೊದಲ ಬಾರಿಗೆ ಬಿಡಿಸಿದೆ. ಕೂದಲು ಮೃದುವಾಗಿತ್ತು, ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಇತ್ತು. ನೆತ್ತಿಯ ಹಿಂದೆ, ಒಂದು ಕಡೆ, ಸುಟ್ಟ ಗಾಯದ ನುಣುಪು ಕಲೆ. ಅಂಗೈಯಿಟ್ಟೆ. ಅಂಗೈಗಿಂತ ಚಿಕ್ಕದಿತ್ತು. ಪಕ್ಕದ ಕೂದಲನ್ನು ಎಳೆದು ಬಾಚಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ.

ಆಂಟಿ ಬಗ್ಗಿ ನೋಡಿದರು. ಅವರ ಮುಖದಲ್ಲಿ ಹಗೆಯೇನೂ ಇರಲಿಲ್ಲ, ಬರೀ ಆಶ್ಚರ್ಯ.

"ಅಯ್ಯೋ, ಇಷ್ಟೇನಾ?" ಎಂದರು.

ಅತ್ತೆ ಬದುಕಿದ್ದರೆ ಜನ್ಮದಲ್ಲಿ ಮರೆಯದಂಥ ಉತ್ತರ ಕೊಡುತ್ತಿದ್ದಳು. ನಾನು ಅಂಗೈಯನ್ನು ಮತ್ತೆ ಆ ಕಲೆಯ ಮೇಲಿಟ್ಟೆ.

"ನೀರು ಹುಯ್ಯಿರಿ ಆಂಟಿ," ಎಂದೆ.